ಹನ್ನೆರಡು ಅಂಗುಲ

ಎಲ್ಲರಿಗೂ ಹನ್ನೆರಡು ಅಂಗುಲ ಎಂದೇ ಬರೆದಿದ್ದೆ.
ಹನ್ನೆರಡು ಉದ್ದ, ಹನ್ನೆರಡು ಅಗಲ,
ಮೇಲೆ ನಿಮಗಿಷ್ಟ ಬಂದ ಚಿಂದಿ, ನಡುವೆ ಉಣ್ಣೆ,
ಕೆಳಗೆ ಹಿಟ್ಟಿನ ಚೀಲದ ಅಸ್ತರಿ.
ನಿಮ್ಮ ನಿಮ್ಮ ಅಡುಗೆಮನೆಯಲ್ಲೇ ಕೂತು
ಮೂರು ಪದರ ಕೂಡಿಸಿ ಹೊಲಿದು ಟಪಾಲಿಗೆ ಹಾಕಿ.
ಅಂಚಿನಲ್ಲಿ ಒಂದು ಬೆರಳಗಲ ಹೊಲಿಯದೆ ಬಿಡಿ,
ಅದು ನನಗೆ.

ಕೌದಿಯ ಚೌಕಟ್ಟು ಸ್ಪರ್ಲಿಂಗ್ ಕೋವಿನಲ್ಲೇ ಉಳಿಯಿತು,
ಚರ್ಚಿನ ಹಿಂದಿನ ಕೋಣೆಯಲ್ಲಿ, ಗೋಡೆಗೆ ಒರಗಿ.
ಒಂಬತ್ತು ಜನ ಸುತ್ತ ಕೂರುವಷ್ಟು ಉದ್ದ,
ಯಾರ ಮನೆಯೊಳಗೂ ಹಿಡಿಸಲಿಲ್ಲ.
ಮನೆಗಳೇ ಬಂದವು ನೋಡಿ!
ಅಡಿಗೆ ಖಾಲಿ ಪೀಪಾಯಿ ಕಟ್ಟಿ, ಉಬ್ಬರಕ್ಕೆ ಕಾದು,
ಕಿಟಕಿ ಪರದೆ ಸಮೇತ
ಕೊಲ್ಲಿಯ ಮೇಲೆ ದೋಣಿಗಳು ಎಳೆದುಕೊಂಡು ಹೋದವು.
ಸರ್ಕಾರ ತಲೆಗಿಷ್ಟು ಎಂದು ಕೊಟ್ಟ ದುಡ್ಡಿಗೆ
ಒಂಬತ್ತು ಒಲೆ ಒಂಬತ್ತು ಊರಾದವು.

ಮೊದಲು ಬಂದದ್ದು ಡಾರ್ಕಸಳದು.
ಅಳೆದೆ: ಹನ್ನೊಂದೂ ಕಾಲು.
ಕೈ ಬಿಗಿ ಅವಳದು, ದಾರದಲ್ಲೂ ಸಕ್ಕರೆಯಲ್ಲೂ;
ಉಣ್ಣೆ ಒಳಗೇ ಉಸಿರುಗಟ್ಟಿದೆ.

ಮೆಲ್ವೀನಾಳದು ಹನ್ನೆರಡೂವರೆ.
ಕತ್ತರಿ ಹಾಕುವಾಗಲೂ ಮಾತಾಡುತ್ತಿದ್ದಿರಬೇಕು:
ಒಂದು ಹೊಲಿಗೆ ಸಾಸಿವೆ, ಒಂದು ಬಟಾಣಿ,
ನಗು ಬಂದಲ್ಲೆಲ್ಲ ಸಾಲು ಸೊಟ್ಟ.
ಆದರೆ ಅಲ್ಲಿ ಅವಳ ಮಾತು ಕೇಳಲು
ಯಾರಿದ್ದಾರು?

ಸೆಲೀನಾ ಮೀನಿನ ಕಾರ್ಖಾನೆಯಲ್ಲಿ ನಿಲ್ಲುತ್ತಾಳಂತೆ.
ವಾಸನೆ ಅದೇ, ಸಂಬಳ ಶುಕ್ರವಾರ.
ಅವಳದು ಒಂದು ಮೂಲೆ ಗಿಡ್ಡ.

ತಪ್ಪು ನನ್ನದೇ. ಹೊಲಿದಷ್ಟೂ ಬಟ್ಟೆ ಕುಗ್ಗುತ್ತದೆಂದು
ನಾನು ಬರೆಯಲಿಲ್ಲ, ಬರೆಯಲು ನನಗೇ ತಿಳಿದಿರಲಿಲ್ಲ.
ಚೌಕಟ್ಟಿನ ಮೇಲೆ ಹದಿನೆಂಟು ಕೈ ಒಂದೇ ಬಟ್ಟೆಯನ್ನು ಎಳೆಯುತ್ತಿದ್ದವು,
ಯಾರದು ಎಷ್ಟು ಎಂದು
ಕಂಡವರಿಲ್ಲ.

ಡ್ರೂಸಿಲ್ಲಾಳಿಗೂ ನನಗೂ ಮಾತು ಬಿಟ್ಟು ಏಳು ವರ್ಷ,
ಕಾಡ್ ಮೀನು ಒಣಹಾಕುವ ಅಟ್ಟದ ಎರಡು ಮೊಳ ಜಾಗಕ್ಕೆ.
ಅಟ್ಟ ಈಗ ಕಡಲ ಪಾಲು.
ಜಗಳ ಮಾತ್ರ ಪೀಪಾಯಿಯ ಹಂಗಿಲ್ಲದೆ
ತೇಲಿ ಬಂದಿದೆ.
ಅವಳ ಪೊಟ್ಟಣ ಕೊನೆಗೆ ಬಂತು, ಒಳಗೆ ಕಾಗದವಿಲ್ಲ.
ಅಳೆದೆ. ತಿರುಗಿಸಿ ಮತ್ತೆ ಅಳೆದೆ. ಹನ್ನೆರಡು.
ಕೂದಲೆಳೆ ಆಚೆಯಿಲ್ಲ, ಈಚೆಯಿಲ್ಲ.
ಎಷ್ಟು ಕುಗ್ಗೀತು ಎಂದು ಮೊದಲೇ ಎಣಿಸಿ ಕತ್ತರಿಸಿದ್ದಾಳೆ,
ಹಟಮಾರಿ!

ದೊಡ್ಡದನ್ನು ಕತ್ತರಿಸಿದರೆ ಹೊಲಿಗೆ ಬಿಚ್ಚಿಕೊಳ್ಳುತ್ತದೆ,
ಚಿಕ್ಕದನ್ನು ಎಳೆದರೆ ಮುಖ ಸುಕ್ಕಾಗುತ್ತದೆ.
ಉಳಿದದ್ದು ಪಟ್ಟಿ ಕೊಡುವ ದಾರಿ:
ಡಾರ್ಕಸಳ ಪಕ್ಕ ಅಗಲ, ಮೆಲ್ವೀನಾಳ ಪಕ್ಕ ಕಿರಿದು.
ಶಾಲೆ ಮುಚ್ಚಿದಾಗ ಬಿಸಾಕಿದ್ದ ನ್ಯೂಫೌಂಡ್‌ಲ್ಯಾಂಡಿನ ನಕಾಶೆ,
ಬೆನ್ನಿಗೆ ಒಳ್ಳೆಯ ನಾರುಬಟ್ಟೆ ಇತ್ತು.
ಎರಡು ದಿನ ನೆನೆಹಾಕಿ ಕಾಗದ ಕಿತ್ತೆ,
ಊರುಗಳೆಲ್ಲ ಬಿಟ್ಟವು, ನಮ್ಮದು ಅದರಲ್ಲಿ ಇರಲೇ ಇಲ್ಲ,
ಕಡಲಿನ ನೀಲಿ ಅಲ್ಲಲ್ಲಿ ಬಿಡಲಿಲ್ಲ.
ಆಗಲಿ ಎಂದು
ಅದನ್ನೇ ಉದ್ದುದ್ದ ಸೀಳಿ ನಡುನಡುವೆ ಹಾಕಿದೆ.
ಮುಂಬದಿ ಮಿಷನ್ನಿನಲ್ಲಿ, ಹಿಂಬದಿ ಕೈಯಲ್ಲಿ,
ಉಣ್ಣೆ ಉಣ್ಣೆಗೆ ತಾಗುವಂತೆ, ಒಂದರ ಮೇಲೊಂದು ಏರದಂತೆ.

ಎಂಟು ಕೂಡಿದವು. ನಟ್ಟನಡುವೆ ಒಂದು ತೂತು.

ನನ್ನದು ನಾನು ಹೊಲಿದೇ ಇರಲಿಲ್ಲ.
ಬಟ್ಟೆ ಹಾಸಿ, ಕತ್ತರಿ ಹಿಡಿದು, ಕೂತೇ ಇದ್ದೆ.
ನನ್ನ ಕೈ ಬಿಗಿಯೋ ಸಡಿಲವೋ ನನಗೆ ಹೇಗೆ ಗೊತ್ತು?
ಎದುರು ಕೂತವರು ಹೇಳಬೇಕು.
ಇಪ್ಪತ್ತು ಚಳಿಗಾಲ ನನ್ನ ಎದುರು ಕೂತದ್ದು,
ಮಾತು ಬಿಟ್ಟ ಮೇಲೂ ಜಾಗ ಬದಲಿಸದೆ ಕೂತದ್ದು
ಡ್ರೂಸಿಲ್ಲಾ.

ಕಾರ್ಡು ಬರೆದೆ. ಕ್ಷೇಮ ಕೇಳಲಿಲ್ಲ.
ನನ್ನದು ಎಷ್ಟಕ್ಕೆ ಕತ್ತರಿಸಲಿ?

ಹಿಮದಲ್ಲಿ ಸಿಕ್ಕ ಹಡಗು ಬಿಟ್ಟ ಮೇಲೆ,
ಹದಿನಾರು ದಿನಕ್ಕೆ,
ಉತ್ತರ ಬಂತು, ಪೆನ್ಸಿಲಿನಲ್ಲಿ:
ಟ್ರಿಫೀನಾ, ಹದಿಮೂರು.
ನೀನು ಎಲ್ಲವನ್ನೂ ಎಳೆಯುವವಳು.