ಎಡಗಾಲಿನವು

ಶಿರಿಯದ ಅಳಿವೆ ಬಾಗಿಲಲ್ಲಿ ಇವತ್ತೂ ಒಂದು ಚಪ್ಪಲಿ.
ಹೊಸತು. ಎಡಗಾಲಿನದು. ಬೆಲೆಯ ಚೀಟಿ ಇನ್ನೂ ನೂಲಿನಲ್ಲುಂಟು,
ಅಕ್ಷರ ಮಾತ್ರ ಉಪ್ಪು ತಿಂದಿದೆ.
ಕಳೆದ ವಾರ ಸಿಕ್ಕಿದ ಮೂರೂ ಎಡದವೇ.
ಎಲ್ಲೋ ಒಂದು ಹಡಗು ವಾಲಿ, ಕಂಟೇನರು ಜಾರಿ, ಬಾಯಿ ಬಿಟ್ಟಿರಬೇಕು.
ಎಡದ ಬಾಗು ಗಾಳಿಗೆ ಒಂದು ಬಗೆ, ಬಲದ ಬಾಗು ಇನ್ನೊಂದು.
ಒಂದೇ ಪೆಟ್ಟಿಗೆಯ ಜೋಡಿಗಳನ್ನು ಸಮುದ್ರ
ಅಕ್ಕಿ ಆರಿಸುವವಳ ಹಾಗೆ ಕೂತು ಬೇರೆ ಮಾಡುತ್ತದೆ.
ಬಲಗಾಲಿನವು ಈಗ ಯಾವ ಊರಿನ ಮರಳಲ್ಲಿ
ಯಾವ ಪಿಂಚಣಿಯವನನ್ನು ಕಾಡುತ್ತಿವೆಯೋ.

ಕ್ಷೌರದಂಗಡಿ ಐತಪ್ಪನಿಗೆ ಇದೆಲ್ಲ ರುಚಿಸುವುದಿಲ್ಲ.
ಕೆನ್ನೆಗೆ ನೊರೆ ಹಚ್ಚಿ, ಕತ್ತಿ ಎತ್ತಿ ಹಿಡಿದು,
"ಬೋಸನಣ್ಣ, ಬಿರುಗಾಳಿಯದ್ದು ಹೇಳಿ" ಅನ್ನುತ್ತಾನೆ.
ಬಿರುಗಾಳಿಯಲ್ಲಿ ಎಲ್ಲರೂ ಎಚ್ಚರ ಇರುತ್ತಾರೆ ಮಾರಾಯ.
ನಾನು ಕಂಡ ಅವಘಡಗಳೆಲ್ಲ ಊಟದ ನಂತರದವು:
ಸುರುಳಿಯೊಳಗೆ ಕಾಲಿಟ್ಟು ನಿಂತ ಹುಡುಗ, ಥಟ್ಟನೆ ಬಿಗಿದ ಹಗ್ಗ;
ಮುಚ್ಚಿದೆ ಎಂದು ಪುಸ್ತಕದಲ್ಲಿ ಬರೆದ, ಮುಚ್ಚದ ವಾಲ್ವು;
ಗಾಳಿಯೇ ಇಲ್ಲದ ಮಧ್ಯಾಹ್ನ, ಜಪಾನಿನ ಒಂದು ಬಂದರಿನಲ್ಲಿ
ಹಡಗು ಹೋಗಿ ಧಕ್ಕೆಗೆ ಹಣೆ ಚಚ್ಚಿಕೊಂಡದ್ದು —
ಪೈಲಟ್ ಎಡ ಎಂದಾಗ ಚುಕ್ಕಾಣಿಯವನು ಸೀನುತ್ತಿದ್ದ.

ಮತ್ತೆ ಆ ಅದಿರು.
ಮುಷ್ಟಿಯಲ್ಲಿ ಹಿಡಿದರೆ ಒಣಮಣ್ಣು, ಉಗುರಿಗೂ ಅಂಟದು.
ಒಣಗಿದೆ ಎಂದು ಸೀಲು ಹಾಕಿದ ಕಾಗದವೂ ಉಂಟು.
ನಾಲ್ಕು ದಿನ ಇಂಜಿನು ನಡುಗಿಸಿ ನಡುಗಿಸಿ
ಒಳಗಿದ್ದ ನೀರು ಮೇಲೆ ಬಂತು, ಗುಡ್ಡ ಗಂಜಿಯಾಯಿತು,
ಗಂಜಿ ಒಂದು ಬದಿಗೆ ಸರಿಯಿತು, ತಿರುಗಿ ಬರಲಿಲ್ಲ.
ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ, ಅಷ್ಟೇ.
ನಮ್ಮ ಹಡಗು ಆರು ಗಂಟೆ ದೂರದಲ್ಲಿತ್ತು.
ಹೋಗಿ ನೋಡಿದರೆ ಎಣ್ಣೆ ಹಚ್ಚಿದಂಥ ನೀರು,
ಒಂದು ಕಸಬರಿಕೆ, ಮತ್ತು ಈರುಳ್ಳಿ.
ಈರುಳ್ಳಿ, ಈರುಳ್ಳಿ, ಕಣ್ಣು ಹೋದಷ್ಟು ದೂರ,
ಬಿಸಿಲಿಗೆ ಕೆಂಪಗೆ, ಸುಮ್ಮನೆ.
ಅಲ್ಲಿ ಅಡುಗೆಯವ ನಮ್ಮ ಕೊಟ್ಟಿಕುಳದ ಅಂಬಾಡಿ.
ಪ್ರತಿ ಚೀಲವನ್ನೂ ಕೈಹಾಕಿ ನೋಡಿಯೇ ಹತ್ತಿಸುವವನು;
ಕೊಳೆತದ್ದೊಂದು ಸಿಕ್ಕಿದರೆ ಮೂರು ಭಾಷೆಯಲ್ಲಿ ಬೈಯುವವನು.

ಐತಪ್ಪ ಕತ್ತಿ ಒರೆಸುತ್ತಾನೆ. ಅವನು ಕೇಳಿದ ಕಥೆ ಇದಲ್ಲ.

ನೆಲದ ಮೇಲೆಯೂ ನಾನು ಲೆಕ್ಕ ಬಿಟ್ಟಿಲ್ಲ.
ಶಾಲೆ ಬಿಟ್ಟ ಹೊತ್ತಿನ ಬಸ್ಸು ಕುಂಬಳೆ ತಿರುವಿನಲ್ಲಿ
ಬಾಗಿಲ ಕಡೆಗೆ ಏಳು ಡಿಗ್ರಿ ವಾಲುತ್ತದೆ, ಡೈರಿಯಲ್ಲಿ ಬರೆದಿಟ್ಟಿದ್ದೇನೆ.
ಬೋರ್ಡಿನ ಮಲಯಾಳ ಓದಲು ಬಾರದು ನನಗೆ;
ಧ್ವಜ ಗುರುತಿಸುವ ಹಾಗೆ ಆಕಾರ ನೋಡಿ ಹತ್ತುತ್ತೇನೆ.
ಒಮ್ಮೆ ಬದಿಯಡ್ಕಕ್ಕೆ ಹೊರಟವನು ಪೆರ್ಲದಲ್ಲಿ ಇಳಿದೆ.
ಅದೂ ಅವಘಡವೇ. ಯಾರೂ ಸಾಯಲಿಲ್ಲ,
ಒಳ್ಳೆಯ ಗೋಳಿಬಜೆ ಸಿಕ್ಕಿತು.
ಅಲ್ಲಿಯ ಒದ್ದೆ ಮೇಜಿನಲ್ಲಿ ಬಿಸಿ ಚಹಾದ ಗ್ಲಾಸು
ಯಾರ ಅಪ್ಪಣೆಯೂ ಇಲ್ಲದೆ ನಾಲ್ಕಂಗುಲ ಹೊರಟಿತು.
ಅದೇ ನೀರು ಬಟ್ಟೆಯಲ್ಲಿದ್ದರೆ ಬಟ್ಟಲನ್ನು ಬಿಡುವುದಿಲ್ಲ.
ನೀರಿಗೆ ಎರಡು ಬುದ್ಧಿ ಯಾಕೆ?

ಹಾಗಾಗಿ ಈಗಲೂ ಉಣ್ಣುವ ಮೊದಲು
ಬಟ್ಟಲಿನಡಿ ಒದ್ದೆ ಬಟ್ಟೆ ಹಾಸುತ್ತೇನೆ.
ಮೇಜಿನ ಪಾಲಿಶು ಬಿಳಿಚಿತು ಎಂದು ತಂಗಿ ವಾರಿಜ ಬೈಯುತ್ತಾಳೆ:
"ಹದಿನಾಲ್ಕು ವರ್ಷ ಆಯ್ತು ಇಳಿದು. ಮನೆ ಅಲ್ಲಾಡುವುದಿಲ್ಲ ಅಣ್ಣ."
ಇಲ್ಲಿವರೆಗೆ ಅಲ್ಲಾಡಿಲ್ಲ, ನಿಜ.

ಕೊರೆಯಲು ಇಟ್ಟ ರಾಶಿಯಿಂದ ಒಂದು ಈರುಳ್ಳಿ ಕದ್ದು
ಬಾವಿಕಟ್ಟೆಯ ಬಕೆಟ್ಟಿಗೆ ಹಾಕಿದೆ.
ಅವಳ ಮೊಮ್ಮಗಳು ಧೃತಿ ಕುಕ್ಕರಗಾಲಲ್ಲಿ ಕೂತು ನೋಡಿದಳು.
ಒಮ್ಮೆ ಮುಳುಗಿತು, ಎದ್ದಿತು, ಬೇರಿನ ಮೀಸೆ ಕೆಳಗೆ ಮಾಡಿ ನಿಂತಿತು.
"ಮತ್ತೆ ಎಂತ ಆಗ್ತದೆ ಅಜ್ಜ?"
ಮತ್ತೆ ಎಂತದೂ ಇಲ್ಲ. ಇಷ್ಟೇ. ತೇಲುತ್ತದೆ.
ಅವಳು ಎದ್ದು ಹೋಗಲಿಲ್ಲ.