ಹುಟ್ಟು

ನಾಲ್ಕು ಗಂಟೆಗೆ ಬರುತ್ತಾರೆ, ಬಿಳಿಯ ವ್ಯಾನಿನಲ್ಲಿ.
ಕೆಲವರ ಟೋಪಿಗೆ ಇನ್ನೂ ಬೆಲೆಚೀಟಿ ನೇತಾಡುತ್ತಿರುತ್ತದೆ.
ಕೈಗೆ ತಣ್ಣನೆ ಒದ್ದೆ ಟವೆಲು, ಆಮೇಲೆ ಜಿನ್ನು, ನಿಂಬೆಹೋಳು,
ಆಮೇಲೆ ನಾನು:
'ನಾನು ಸಿಮಸಿಕು, ನಿಮ್ಮ ನಾವಿಕ.
ಜಾಕೆಟ್ಟು ಸೀಟಿನ ಕೆಳಗಿದೆ.
ಕೈ ನೀರಿಗೆ ಇಳಿಬಿಡಬೇಡಿ,
ಮೊಸಳೆ ಟಿಕೆಟ್ ಕೇಳುವುದಿಲ್ಲ.'
ನಗುತ್ತಾರೆ. ಹನ್ನೊಂದು ವರ್ಷದಿಂದ ಇದೇ ಜಾಗದಲ್ಲಿ ನಗುತ್ತಾರೆ.
ನನ್ನ ಚಿಕ್ಕಮ್ಮನ ಬಲಗೈ ಹೋದದ್ದು ಅಗೋ ಆ ಜೊಂಡಿನ ಹತ್ತಿರ;
ಅದು ಭಾಷಣದಲ್ಲಿಲ್ಲ.

ಜಾಂಬೆಜಿ ಈ ಹೊತ್ತಿಗೆ ಸೋಮಾರಿ.
ಹರದಾರಿ ಕೆಳಗೆ ತಾನು ಬೀಳಲಿದ್ದೇನೆಂದು
ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಹರಿಯುತ್ತದೆ.
ಜಲಪಾತದ ಹೊಗೆ ಮಾತ್ರ ತಾಳೆಮರಗಳ ಮೇಲೆ ನಿಂತಿದೆ,
ಯಾರದೋ ಮನೆಯಲ್ಲಿ ಒಲೆ ಹಚ್ಚಿದಂತೆ.

ನನ್ನ ಮನೆಯಲ್ಲೂ ಹಚ್ಚಿದ್ದಾರೆ. ನೀರು ಕಾಯುತ್ತಿದೆ.
ನಸುಕಿನಿಂದ ನೋವು ಇನೊಂಗೆಗೆ.
ರಜೆ ಕೊಡಿ ಅಂದೆ. ಹದಿನೆಂಟು ಜನರ ಬುಕಿಂಗ್ ಅಂದರು.
ಫೋನು ಲಾಕರಿನಲ್ಲಿ. ಚುಕ್ಕಾಣಿ ಹಿಡಿದವನ ಕೈಯಲ್ಲಿ ಕಂಡರೆ ದಂಡ.
ಅದಕ್ಕೇ ಭಾವಮೈದುನ ಮುಬಿಟಾನ ಜೊತೆ ಒಪ್ಪಂದ:
ಬಲೆ ಬಿಡುವ ನೆಪದಲ್ಲಿ ನಡುಗಡ್ಡೆಯ ಮೂಲೆಗೆ ಬಾ,
ಹುಟ್ಟು ಎತ್ತು.
ಗಂಡಾದರೆ ಒಂದು ಸಲ, ಹೆಣ್ಣಾದರೆ ಎರಡು.
ಬೇರೆ ಏನಾದರೂ ಆದರೆ?
ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

'ಎಡಕ್ಕೆ ನೋಡಿ, ಆನೆಗಳು.'
ನಾಲ್ಕು. ಸೊಂಡಿಲೆತ್ತಿ ಈಜುತ್ತ,
ಮರಿ ತಾಯಿಯ ಪಕ್ಕೆಗೆ ಒತ್ತಿಕೊಂಡು.
ಹದಿನೆಂಟೂ ಜನ ಒಂದೇ ಮಗ್ಗುಲಿಗೆ ಬಂದು
ದೋಣಿ ವಾಲಿತು, ಲೋಟಗಳಲ್ಲಿ ಐಸು ಕಿಣಿಕಿಣಿ.
ಇನ್ನೂ ಹತ್ತಿರ ಹೋಗಬಹುದಾ?
'ಇಷ್ಟೇ ಹತ್ತಿರ, ಮೇಡಂ. ಅವಳು ಬಾಣಂತಿ.'
ಆ ಮಾತು ಬಾಯಿಗೆ ಹೇಗೆ ಬಂತೋ.

ಒಣಮರದ ಮೇಲೆ ಹಾವಕ್ಕಿ ರೆಕ್ಕೆ ಹರವಿ ಕೂತಿತ್ತು.
ನೀರುಕಾಗೆ ಎಂದೆ.
ಬರೆದುಕೊಂಡರು.

ಸೂರ್ಯ ಇನ್ನು ಒಂದು ಗೇಣು.
ಅವನೂ ಟಿಕೆಟ್ಟಿನಲ್ಲಿ ಸೇರಿದ್ದಾನೆ,
ಮುಳುಗುವ ತನಕ ಎಂಜಿನ್ ಆರಿಸಿ ಕಾಯಬೇಕು.
ಆಗ ಬಂದ, ಬೆಳಕಿಗೆ ಎಳೆದ ಕಪ್ಪು ಗೀಟಿನ ಹಾಗೆ,
ಒಂಟಿಮರ ಕೊರೆದ ದೋಣಿಯಲ್ಲಿ ನಿಂತು, ಮುಬಿಟಾ.
ಬೆಸ್ತ! ಬೆಸ್ತ! ಅಲ್ಲೇ ಇರಲಿ!
ಕ್ಯಾಮೆರಾಗಳೆಲ್ಲ ಕತ್ತು ಹೊರಳಿಸಿದವು.
ಅವನು ಹುಟ್ಟು ಎತ್ತಿದ.
ಅಲಗಿನಿಂದ ನೀರು ಕೆಂಪಗೆ, ಹನಿಹನಿ.
ಒಂದು.
ಇಳಿಸಿದ.
ಅದೇ ಗಳಿಗೆಗೆ ನಮ್ಮಿಬ್ಬರ ನಡುವೆ ಹೊಳೆ ಉಬ್ಬಿ
ನೀರಾನೆ ಎದ್ದಿತು, ಇಡೀ ಬಾಯಿ ತೆರೆದು,
ಒಳಗಿನ ಗುಲಾಬಿಯೆಲ್ಲ ತೋರಿಸುತ್ತ.
ಹದಿನೆಂಟು ಗಂಟಲಿನಿಂದ ಒಂದೇ ಕೇಕೆ.
ಅದು ಬಾಯಿ ಮುಚ್ಚುವ ವೇಳೆಗೆ
ಮುಬಿಟಾ ಬೆನ್ನು ಹಾಕಿ ಜೊಂಡು ಸೇರಿದ್ದ.
ನೀರಾನೆಯ ಎದುರು ಯಾರು ತಾನೇ ನಿಲ್ಲುತ್ತಾರೆ?

ಒಂದೋ, ಎರಡೋ.

'ಪುಣ್ಯವಂತ ನೀನು,' ಅಂದಳು ಹಳದಿ ಶಾಲಿನ ಮುದುಕಿ,
'ದಿನಾ ಇದೇ ನಿನ್ನ ಆಫೀಸು.'
ಹೌದು ಅಂದೆ. ನಿಮ್ಮ ಫೋಟೋ ಒಮ್ಮೆ ನೋಡಬಹುದೇ ಅಂದೆ.
ಖುಷಿಯಾಯಿತು ಅವಳಿಗೆ, ಒಂದೊಂದೇ ಸರಿಸಿದಳು:
ಬಾಯಿ, ಬಾಯಿ, ಬಾಯಿ,
ಹುಟ್ಟು ಎತ್ತಿದ ಮುಬಿಟಾ (ಇದು ಮೊದಲನೆಯದು),
ಮತ್ತೆ ಬಾಯಿ, ಅದರ ಕಿವಿಯ ಹಿಂದೆ ಮಸುಕಾಗಿ ಏನೋ.
ಹುಟ್ಟೋ, ಜೊಂಡೋ.
ಅಷ್ಟರಲ್ಲಿ ಸೂರ್ಯ ಮುಳುಗಿದ. ಚಪ್ಪಾಳೆ ತಟ್ಟಿದರು,
ಅವನು ಮಾಡಬಾರದ್ದೇನೋ ಮಾಡಿ ತೋರಿಸಿದ ಹಾಗೆ.

ದಡದಲ್ಲಿ ಹಗ್ಗ ಬಿಗಿದು ದಿನವಹಿ ತೆರೆದೆ.
ತುಂಬಿಸದೆ ಲಾಕರಿನ ಕೀಲಿ ಕೊಡುವುದಿಲ್ಲ.
ಆನೆ ನಾಲ್ಕು. ನೀರಾನೆ ಒಂಬತ್ತು. ಮೊಸಳೆ ಎರಡು.
ನೀರುಕಾಗೆ ಎಂದು ಬರೆದು, ಹೊಡೆದು, ಹಾವಕ್ಕಿ ಎಂದು ತಿದ್ದಿದೆ.
ಕೆಳಗೆ ಒಂದು ಸಾಲು ಖಾಲಿಯಿತ್ತು.
ಮಗು, ಒಂದು,
ಎಂದು ಬರೆದೆ.
ಕೀಲಿಗೆ ನಿಲ್ಲಲಿಲ್ಲ. ಓಡಿದೆ.