ಏಳು ಬಿಳಿ, ಐದು ಕರಿ

ಕೌಲ್ ಬಜಾರಿನ ಈ ಓಣಿಯಾಗ
ಕೋಳಿಗಿಂತ ಮೊದಲು ಮಷಿನ್ನು ಏಳ್ತಾವೆ.
ಕೆಳಗೆ ನಾವು ಏಳು ಮಂದಿ, ಓವರ್‌ಲಾಕು, ಜಿಪ್ಪು, ಬೆಲ್ಟು.
ಮೇಲೆ ತಗಡಿನ ರೂಮಿನಾಗ
ಮಾರೆಪ್ಪ ಮಾಸ್ತರ, ಒಂದು ಪೇಟಿ, ಹದಿನಾಲ್ಕು ಮಕ್ಕಳು.

ಸಂಜೆ ಐದರಿಂದ ಆರು.
ಆ ಒಂದು ತಾಸಿನಾಗ ನನ್ನ ಮಾಬುನ್ನಿ
ನಲವತ್ತು ಪ್ಯಾಂಟಿನ ದಾರ ಕತ್ತರಿಸ್ತಿದ್ದಳು.
ನಲವತ್ತು ಅಂದ್ರೆ ಅರ್ಧ ಲೀಟರ್ ಹಾಲು.
ಲೆಕ್ಕ ನನಗೂ ಬರ್ತದೆ.

ಮೊದಲ ದಿನ ಮಾಸ್ತರ ಮೆಟ್ಟಿಲಿಳಿದು ಬಂದಾಗ
ಸದ್ದು ಜಾಸ್ತಿ ಅಂತ ಬೈಯಾಕ ಬಂದ್ರು ಅಂದುಕೊಂಡೆ.
ಮೂವತ್ತು ವರ್ಷ ನಾಟಕ ಕಂಪನಿಯಾಗ ಪೇಟಿ ಬಾರಿಸಿದ ಮನುಷ್ಯ,
ಕಂಪನಿ ಮುಚ್ಚಿದರೂ ಆ ಕಿವಿ
ಪರದೆ ಏಳೋದನ್ನೇ ಕಾಯ್ತಿರ್ತದೆ.
ಪೇಟಿ ಹೊತ್ತು ತಂದು ನನ್ನ ಪಕ್ಕ ಕೂತು
"ತಾಯಿ, ಕಾಲು ಒತ್ತು, ಬಿಡಬೇಡ" ಅಂದ್ರು.
ಒಂದೊಂದೇ ಮನೆ ಮುಟ್ಟಿ ಹುಡುಕಿದ್ರು.
"ಕರಿ ಎರಡು. ಕೂದಲೆಳೆ ತಗ್ಗೈತೆ, ಇರಲಿ."
ಅವತ್ತಿನಿಂದ ನಮ್ಮ ಮಷಿನ್ನೇ ಅವರ ತಂಬೂರಿ.

ಒಂಬತ್ತು ವರ್ಷ ಆ ಸದ್ದಿನಾಗ ಕೂತೀನಿ
ಕಿವಿಯಾಗ ಹತ್ತಿ ಇಟ್ಟು.
ಅದಕ್ಕೊಂದು ಹೆಸರೈತೆ ಅಂತ ಯಾರೂ ಹೇಳಿರಲಿಲ್ಲ.
ನಮ್ಮಜ್ಜ ಹತ್ತಿ ಹಿಂಜೋ ಬಿಲ್ಲಿಗೆ ಬಡಿದ್ರೆ
ತಂತಿ ಮೂರು ಓಣಿಗೆ ಕೇಳ್ತಿತ್ತು.
ಅದು ಯಾವ ಮನೆಯದೋ.
ಬಿಲ್ಲು ಮಾರಿಬಿಟ್ವಿ. ಇಲ್ಲಾಂದ್ರೆ ಮಾಸ್ತರಿಗೆ ತೋರಿಸಬಹುದಿತ್ತು.

ಪೇಟಿಯ ಬಿಳಿ ಮನೆ ಈಗ ಬಿಳಿ ಉಳಿದಿಲ್ಲ,
ಜೀನ್ಸು ಹಿಡಿದ ಬೆರಳಿನ ನೀಲಿ.
ಮಾಸ್ತರ ಒರೆಸೋದಿಲ್ಲ,
ಯಾರು ಎಲ್ಲಿ ತಪ್ಪಿದರು ಗೊತ್ತಾಗ್ತದೆ ಅಂತಾರೆ.
ವಾಷಿಂಗ್ ಯೂನಿಟ್ಟಿನ ಗಾದಿಲಿಂಗ ಮೊಣಕೈವರೆಗೂ ನೀಲಿ,
ಬಂದವನೇ ಗೋಡೆಗೆ ಒರಗಿ ನಿದ್ದೆ.
"ಇರಲಿ ಬಿಡ್ರಿ, ಅವನ ಕಿವಿ ಎಚ್ಚರೈತೆ."

ಮಾಬುನ್ನಿ ಪೀಸು ಎಣಿಸೋದೂ ಈಗ ಹಂಗೇ.
ಒಂದು ಎರಡು ಇಲ್ಲ, ಸ ರಿ ಗ ಮ.
ನಿ ಮುಟ್ಟಿದಳೋ ಮತ್ತೆ ಸ,
ಏಳಕ್ಕೊಂದು ಕಟ್ಟು.
ಮೇಸ್ತ್ರಿ ಎರ್ರಿಸ್ವಾಮಿ ಕಟ್ಟು ಬಿಚ್ಚಿ
"ಡಜನ್ನಿಗೆ ಐದು ಕಮ್ಮಿ, ಹೊನ್ನೂರಬಿ!" ಅಂತ ಕೂಗಾಡಿದ.
ಹುಡುಗಿಗೆ ಎರಡು ಬಿಟ್ಟೆ.
ಬಿಡಬಾರದಿತ್ತು.
ಅಳ್ತಾ ಮೇಲೆ ಹೋದವಳು
ಮೂಗು ಒರೆಸಿಕೊಂಡು ಇಳಿದು ಬಂದಳು:
"ಅಮ್ಮಾ, ಪೇಟಿಯಾಗೂ ಡಜನ್ನೇ ಐತಂತೆ.
ಏಳು ಬಿಳಿ, ಐದು ಕರಿ.
ಕರೀವು ನಾನಿನ್ನೂ ಕಲ್ತಿಲ್ಲ."
ಮೇಸ್ತ್ರಿಗೂ ನಗು ತಡೀಲಿಲ್ಲ.
ದುಡ್ಡು ಮಾತ್ರ ಮುರಕೊಂಡ.

ನಿನ್ನೆ ಐದೂವರೆಗೆ ಕರೆಂಟು ಹೋಯ್ತು.
ಏಳು ಮಷಿನ್ನಿನ ಸದ್ದು
ಇಳಿಜಾರಿನಾಗ ಬಿಟ್ಟ ಬಂಡಿಯಂಗೆ ಜಾರಿ ನಿಂತಿತು.
ಮೇಲಿನ ಸ ನಿಲ್ಲಲಿಲ್ಲ.
ಕಾದ ತಗಡಿನ ಕೆಳಗೆ
ಹದಿನಾಲ್ಕು ಸಣ್ಣ ಗಂಟಲು
ನಾವು ಬಿಟ್ಟ ಜಾಗ ಹಿಡಿದು ನಿಂತಿದ್ದವು.
ನನ್ನ ಹುಡುಗಿಯದು ಯಾವುದು ಅಂತ ಹುಡುಕಿದೆ,
ಸಿಗಲಿಲ್ಲ.
ಪೆಡಲಿನ ಮೇಲೆ ಕಾಲಿಟ್ಟು ಕೂತಲ್ಲೇ ಕೂತಿದ್ವಿ.
ಜಿಪ್ಪಿನ ಈರಮ್ಮ ಕಿವಿಯ ಹತ್ತಿ ತೆಗೆದು
ಮಡಿಲಾಗ ಇಟ್ಟುಕೊಂಡಳು.

ಕರೆಂಟು ಬಂತು.
ಮಷಿನ್ನು ಎದ್ದಿತು, ಮಕ್ಕಳಿಗಿಂತ ಕೂದಲೆಳೆ ತಗ್ಗಿ.
ಕಾಲು ಒತ್ತಿದೆ.
ಇನ್ನೂ ಸ್ವಲ್ಪ.
ಹಾಂ, ಈಗ ಕೂಡಿತು.